ಪಟ್ಟೆ ಮೀನು ತೋರಿಸಿದ ಮೆಟ್ಟಿಲುಗಳು

1801ರಲ್ಲಿ ಸ್ಕಾಟ್ಲೆಂಡಿನ ವೈದ್ಯನೊಬ್ಬ ಮಂಗಳೂರು ಸೀಮೆಯನ್ನು ಸುತ್ತುತ್ತ ಕಾರ್ಕಳಕ್ಕೆ ಬಂದ. ಅವನ ಹೆಸರು ಫ್ರಾನ್ಸಿಸ್ ಬುಕಾನನ್. ಟಿಪ್ಪು ಸುಲ್ತಾನ ಮಡಿದು ಎರಡು ವರ್ಷವಾಗುತ್ತ ಬಂದಿತ್ತು. ಹೊಸದಾಗಿ ಕೈಸೇರಿದ ನಾಡಿನಲ್ಲಿ ಏನು ಬೆಳೆಯುತ್ತದೆ, ಯಾರು ಬೆಳೆಯುತ್ತಾರೆ, ಯಾವ ಸಂತೆಗೆ ಯಾವ ಮಾಲು ಹೋಗುತ್ತದೆ ಎಂದು ಬರೆದು ತರಲು ಈಸ್ಟ್ ಇಂಡಿಯಾ ಕಂಪನಿ ಅವನನ್ನು ಕಳಿಸಿತ್ತು. ಗದ್ದೆ, ಅಡಿಕೆ, ಮೆಣಸು ಎಲ್ಲವನ್ನೂ ಅವನು ದಾಖಲಿಸಿದ. 1432ರಲ್ಲಿ ನಿಲ್ಲಿಸಿದ ಕಾರ್ಕಳದ ಗೊಮ್ಮಟನ ಬಗೆಗೂ ಬರೆದ. ಅಲ್ಲಿಂದ ಉಡುಪಿಯತ್ತ ಹೊರಟ.

ಇದೇ ಬುಕಾನನ್ ಮುಂದೆ ಬಂಗಾಳಕ್ಕೆ ಹೋಗಿ ಗಂಗಾ ನದಿ ಮತ್ತು ಅದರ ಉಪನದಿಗಳ ಮೀನುಗಳನ್ನು ಒಂದೊಂದಾಗಿ ಹಿಡಿದು, ಚಿತ್ರ ಬರೆಸಿ, ಹೆಸರಿಟ್ಟ. ಆ ಪುಸ್ತಕ 1822ರಲ್ಲಿ ಅಚ್ಚಾಗುವ ಹೊತ್ತಿಗೆ ಅವನು ಫ್ರಾನ್ಸಿಸ್ ಹ್ಯಾಮಿಲ್ಟನ್ ಆಗಿದ್ದ. ತಾಯಿಯ ಕಡೆಯ ಆಸ್ತಿ ಕೈಗೆ ಬಂದಾಗ ತಾಯಿಯ ಮನೆತನದ ಹೆಸರನ್ನೂ ಹಿಡಿದುಕೊಂಡಿದ್ದ. ಅಳಿಯಸಂತಾನ ಕಂಡ ನಮ್ಮ ನಾಡಿನವರಿಗೆ ಇದೇನೂ ವಿಚಿತ್ರವೆನಿಸಲಾರದು. ಆ ಪುಸ್ತಕದ ನೂರಾರು ಮೀನುಗಳ ನಡುವೆ ಕಿರುಬೆರಳಿಗಿಂತ ಚಿಕ್ಕದಾದ, ಊಟಕ್ಕೂ ಬಾರದ ಒಂದು ಮೀನಿತ್ತು. ಇಂದು ನಾವು ಅದನ್ನು ‘ಜೀಬ್ರಾ ಮೀನು’ ಎನ್ನುತ್ತೇವೆ. ವಿಜ್ಞಾನಿಗಳು ಡೇನಿಯೋ ರೇರಿಯೋ ಎನ್ನುತ್ತಾರೆ. ಅದಕ್ಕೆ ಹೆಸರಿಟ್ಟು ಎರಡು ಶತಮಾನ ಕಳೆದಿದೆ. ಈಗ ಜಗತ್ತಿನ ಹಲವಾರು ಪ್ರಯೋಗಾಲಯಗಳಲ್ಲಿ ಕ್ಯಾನ್ಸರ್ ಹೇಗೆ ಹುಟ್ಟುತ್ತದೆ ಎಂಬ ಪ್ರಶ್ನೆಗೆ ಈ ಮೀನು ಉತ್ತರ ಕೊಡುತ್ತಿದೆ.

ಮೀನಿಗೂ ಕ್ಯಾನ್ಸರಿಗೂ ಎಲ್ಲಿಯ ನಂಟು ಎಂದು ಕೇಳುತ್ತೀರಾ? ಮೊದಲು ಮೀನಿನ ಪರಿಚಯ ಮಾಡಿಕೊಳ್ಳೋಣ.

ಇದರ ಉದ್ದ ಮೂರರಿಂದ ನಾಲ್ಕು ಸೆಂಟಿಮೀಟರ್. ತಲೆಯಿಂದ ಬಾಲದವರೆಗೆ ನೀಲಿ ಮತ್ತು ಬೆಳ್ಳಿಹೊಂಬಣ್ಣದ ಉದ್ದುದ್ದ ಪಟ್ಟೆ. ಅಷ್ಟಮಿಯ ಹುಲಿವೇಷದವರ ಮೈಬಣ್ಣದಷ್ಟೇ ಅಚ್ಚುಕಟ್ಟು. ‘ಡೇನಿಯೋ’ ಎಂಬ ಪದ ಭತ್ತದ ಗದ್ದೆಗೆ ಸಂಬಂಧಿಸಿದ ಬಂಗಾಳಿಯ ‘ಧಾನಿ’ಯಿಂದ ಬಂದದ್ದೆಂದು ಹೇಳುತ್ತಾರೆ. ಹೆಸರಿಗೆ ತಕ್ಕಂತೆ ಮಳೆಗಾಲದ ಗದ್ದೆ, ತಿಳಿನೀರಿನ ತೊರೆ, ನಿಧಾನವಾಗಿ ಹರಿಯುವ ತೋಡುಗಳೇ ಇದರ ಮನೆ. ಭಾರತ, ಬಾಂಗ್ಲಾದೇಶ, ನೇಪಾಳಗಳಲ್ಲಿ ಇದು ಸಹಜವಾಗಿ ಬದುಕಿದೆ. ಪಶ್ಚಿಮ ಘಟ್ಟದ ಕೆಲವು ತೊರೆಗಳಲ್ಲೂ ಇದನ್ನು ಗುರುತಿಸಿದ್ದಾರೆ. ಹಾಗೆಂದು ಅಜೆಕಾರಿನ ತೋಡಿನಲ್ಲೋ ಎಣ್ಣೆಹೊಳೆಯ ಅಂಚಿನಲ್ಲೋ ಮಕ್ಕಳ ಬೈರಾಸಿಗೆ ಸಿಕ್ಕ ಪಟ್ಟೆಯ ಮೀನೆಲ್ಲ ಇದೇ ಎಂದುಕೊಳ್ಳಬೇಡಿ. ನಮ್ಮ ಘಟ್ಟದ ಹಳ್ಳಗಳಲ್ಲಿ ಇದಕ್ಕಿಂತ ದೊಡ್ಡದಾದ, ಇದನ್ನೇ ಹೋಲುವ ದಾಯಾದಿ ಮೀನುಗಳು ಹೆಚ್ಚು.

ಈ ಮೀನನ್ನು ಮನೆಯ ಗಾಜಿನ ತೊಟ್ಟಿಯಿಂದ ಪ್ರಯೋಗಾಲಯಕ್ಕೆ ಒಯ್ದವರು ಜಾರ್ಜ್ ಸ್ಟ್ರೈಸಿಂಗರ್. ಹಂಗೆರಿಯಲ್ಲಿ ಹುಟ್ಟಿ ಅಮೆರಿಕದ ಓರೆಗಾನ್ ವಿಶ್ವವಿದ್ಯಾಲಯದಲ್ಲಿದ್ದ ಅವರಿಗೆ ಬಣ್ಣದ ಮೀನು ಸಾಕುವ ಹವ್ಯಾಸವಿತ್ತು. ಬೆನ್ನುಮೂಳೆಯಿರುವ ಪ್ರಾಣಿಯೊಂದರಲ್ಲಿ ವಂಶವಾಹಿಗಳ ಕೆಲಸವನ್ನು ನೋಡಬೇಕೆಂದು ಹೊರಟ ಅವರು ಈ ಮೀನನ್ನೇ ಆರಿಸಿಕೊಂಡರು. 1981ರಲ್ಲಿ ಅವರ ಪ್ರಬಂಧ ‘ನೇಚರ್’ ಪತ್ರಿಕೆಯಲ್ಲಿ ಬಂದಾಗ ಇತರರ ಕಣ್ಣೂ ಇತ್ತ ಬಿತ್ತು.

ಆಯ್ಕೆಗೆ ಕಾರಣಗಳು ಬಹಳ ಸರಳ. ಹೆಣ್ಣು ಮೀನು ವಾರಕ್ಕೆ ಇನ್ನೂರು ಮುನ್ನೂರು ಮೊಟ್ಟೆ ಇಡುತ್ತದೆ. ಮೊಟ್ಟೆ ತಾಯಿಯ ಹೊಟ್ಟೆಯ ಹೊರಗೆ, ನೀರಿನಲ್ಲೇ ಬೆಳೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮೊಟ್ಟೆಯೂ ಮರಿಯೂ ಗಾಜಿನಂತೆ ಪಾರದರ್ಶಕ. ಒಂದು ದಿನದಲ್ಲಿ ತಲೆ, ಕಣ್ಣು, ಬೆನ್ನು, ಬಾಲ ಮೂಡುತ್ತವೆ. ಹೃದಯ ಬಡಿಯಲು ಶುರುವಾಗುತ್ತದೆ. ಎರಡು ಮೂರು ದಿನಕ್ಕೆ ಮರಿ ಹೊರಬರುತ್ತದೆ. ಯಾವ ಕತ್ತರಿಯನ್ನೂ ಹಿಡಿಯದೆ, ಸೂಕ್ಷ್ಮದರ್ಶಕದ ಕೆಳಗೆ ಅದರ ರಕ್ತ ಹರಿಯುವುದನ್ನು ಕಾಣಬಹುದು. ಮೂರು ತಿಂಗಳಿಗೆ ಮರಿ ತಾನೇ ಮೊಟ್ಟೆ ಇಡುವಷ್ಟು ಬೆಳೆಯುತ್ತದೆ. ಇದಕ್ಕೆ ಹಿತವಾದ ನೀರಿನ ಉಷ್ಣತೆ 28 ಡಿಗ್ರಿ. ಚಳಿ ದೇಶದವರು ಹೀಟರು ಹಚ್ಚಿ ಕೊಡುವ ಸುಖ ನಮ್ಮ ಕರಾವಳಿಯಲ್ಲಿ ಬಿಟ್ಟಿಯಾಗಿ ಸಿಗುತ್ತದೆ.

ಅದೆಲ್ಲ ಸರಿ, ಮೀನು ಮೀನೇ, ಮನುಷ್ಯ ಮನುಷ್ಯನೇ ಅಲ್ಲವೇ? ಇದಕ್ಕೆ ಸ್ಪಷ್ಟ ಉತ್ತರ ದೊರೆತದ್ದು 2013ರಲ್ಲಿ. ಆ ವರ್ಷ ಈ ಮೀನಿನ ವಂಶವಾಹಿಗಳ ಪೂರ್ಣ ಪಾಠ ಪ್ರಕಟವಾಯಿತು. ಮನುಷ್ಯನ ನೂರು ವಂಶವಾಹಿಗಳಲ್ಲಿ ಸುಮಾರು ಎಪ್ಪತ್ತಕ್ಕೆ ಈ ಮೀನಿನಲ್ಲಿ ಸರಿಜೋಡಿ ಇದೆಯೆಂದು ಅದು ತಿಳಿಸಿತು. ಮನುಷ್ಯರಲ್ಲಿ ರೋಗಕ್ಕೆ ಸಂಬಂಧಿಸಿದ ವಂಶವಾಹಿಗಳನ್ನಷ್ಟೇ ತೆಗೆದುಕೊಂಡರೆ ಈ ಪ್ರಮಾಣ ನೂರಕ್ಕೆ ಎಂಬತ್ತನ್ನು ದಾಟುತ್ತದೆ. ಕಿವಿರಿನ ಬದಲು ಶ್ವಾಸಕೋಶ, ರೆಕ್ಕೆಯ ಬದಲು ಕೈಕಾಲು ಎಂಬ ವ್ಯತ್ಯಾಸ ನಿಜ. ಆದರೆ ಕೋಶ ಯಾವಾಗ ಒಡೆದು ಎರಡಾಗಬೇಕು, ಯಾವಾಗ ನಿಲ್ಲಬೇಕು, ಯಾವಾಗ ಸಾಯಬೇಕು ಎಂಬ ಕಟ್ಟಳೆಗಳು ಇಬ್ಬರಲ್ಲೂ ಹೆಚ್ಚುಕಡಿಮೆ ಒಂದೇ. ಕ್ಯಾನ್ಸರ್ ಎಂದರೆ ಈ ಕಟ್ಟಳೆಗಳನ್ನು ಮುರಿದ ಕೋಶಗಳ ಸಂತಾನ.

ಇಲ್ಲೊಂದು ತೊಡಕಿದೆ. ವೈದ್ಯರ ಕಣ್ಣಿಗೆ ಕ್ಯಾನ್ಸರ್ ಬೀಳುವಾಗ ಕಥೆ ಬಹಳ ಮುಂದೆ ಹೋಗಿರುತ್ತದೆ. ಒಂದು ಸೆಂಟಿಮೀಟರಿನ ಗಡ್ಡೆಯಲ್ಲೂ ಕೋಟಿಗಟ್ಟಲೆ ಕೋಶಗಳಿರುತ್ತವೆ. ಮೊದಲ ಕೋಶ ದಾರಿ ತಪ್ಪಿದ ಗಳಿಗೆಯನ್ನು ಮನುಷ್ಯನ ಮೈಯಲ್ಲಿ ನೋಡುವುದು ಹೇಗೆ? ಇಲಿಯ ಮೈಯೂ ಅಪಾರದರ್ಶಕವೇ. ಗಾಜಿನಂಥ ಮೀನು ಬೇಕಾದದ್ದು ಇದಕ್ಕೇ.

ಈಗ ‘ಕುಲಾಂತರಿ’ ಎಂಬ ಪದಕ್ಕೆ ಬರೋಣ. ಒಂದು ಜೀವಿಯ ವಂಶವಾಹಿಯನ್ನು ಇನ್ನೊಂದು ಜೀವಿಗೆ ಸೇರಿಸಿದರೆ ಅದು ಕುಲಾಂತರಿ. ಬಿಟಿ ಹತ್ತಿಯ ಚರ್ಚೆಯಲ್ಲಿ ಈ ಪದವನ್ನು ನೀವು ಕೇಳಿರುತ್ತೀರಿ. ಮೀನಿನಲ್ಲಿ ಇದನ್ನು ಮಾಡುವ ಕ್ರಮ ಹೀಗಿದೆ: ರಾತ್ರಿ ಗಂಡು ಹೆಣ್ಣುಗಳನ್ನು ಒಂದೇ ತೊಟ್ಟಿಯಲ್ಲಿ ನಡುವೆ ತಡಿಕೆ ಇಟ್ಟು ಬಿಡುತ್ತಾರೆ. ಬೆಳಗ್ಗೆ ದೀಪ ಹಚ್ಚಿ ತಡಿಕೆ ತೆಗೆದರೆ ಸ್ವಲ್ಪ ಹೊತ್ತಿನಲ್ಲೇ ಮೊಟ್ಟೆಗಳು ಸಿಗುತ್ತವೆ. ಮೊಟ್ಟೆ ಇನ್ನೂ ಒಂದೇ ಕೋಶವಾಗಿರುವಾಗ, ಕೂದಲಿಗಿಂತ ಸಪೂರವಾದ ಗಾಜಿನ ಸೂಜಿಯಿಂದ ಬೇಕಾದ ಡಿಎನ್‌ಎಯ ಒಂದು ಹನಿಯನ್ನು ಅದರೊಳಗೆ ಬಿಡುತ್ತಾರೆ. ಆ ಡಿಎನ್‌ಎಗೆ ಎರಡು ಭಾಗ. ಒಂದು, ಕೆಲಸ ಮಾಡುವ ವಂಶವಾಹಿ. ಇನ್ನೊಂದು, ಅದು ದೇಹದ ಯಾವ ಭಾಗದಲ್ಲಿ ಹೊತ್ತಿಕೊಳ್ಳಬೇಕೆಂದು ಹೇಳುವ ಸ್ವಿಚ್ಚು. ಚರ್ಮದ ವರ್ಣಕೋಶದ ಸ್ವಿಚ್ಚು ಜೋಡಿಸಿದರೆ ಅಲ್ಲಿ ಮಾತ್ರ, ರಕ್ತಕೋಶದ ಸ್ವಿಚ್ಚು ಜೋಡಿಸಿದರೆ ಅಲ್ಲಿ ಮಾತ್ರ ಅದು ಕೆಲಸ ಮಾಡುತ್ತದೆ. ಇದರ ಜೊತೆಗೆ ಹಸಿರು ಬೆಳಕು ಸೂಸುವ ಲೋಳೆ ಮೀನಿನ ವಂಶವಾಹಿಯನ್ನೂ ಪೋಣಿಸಿದರೆ, ಎಲ್ಲಿ ಸ್ವಿಚ್ಚು ಹೊತ್ತಿತೋ ಆ ಕೋಶ ಮಿನುಗುತ್ತದೆ. ಈ ಹಸಿರು ಪ್ರೋಟೀನನ್ನು ಶೋಧಿಸಿ ಬಳಕೆಗೆ ತಂದ ಮೂವರಿಗೆ 2008ರ ರಸಾಯನಶಾಸ್ತ್ರದ ನೊಬೆಲ್ ಬಂತು.

2003ರಲ್ಲಿ ಬಾಸ್ಟನ್ನಿನ ಡಾನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಯ ಥಾಮಸ್ ಲುಕ್ ಅವರ ತಂಡ ಈ ಉಪಾಯವನ್ನು ರಕ್ತದ ಕ್ಯಾನ್ಸರಿಗೆ ಬಳಸಿತು. ಕೋಶಗಳನ್ನು ವಿಪರೀತ ಬೆಳೆಸುವ ‘ಮಿಕ್’ ಎಂಬ ಇಲಿಯ ವಂಶವಾಹಿಗೆ ಹಸಿರು ದೀಪ ಕಟ್ಟಿ, ರೋಗನಿರೋಧಕ ಕೋಶಗಳಲ್ಲಿ ಮಾತ್ರ ಹೊತ್ತುವ ಸ್ವಿಚ್ಚು ಹಾಕಿ ಮೀನಿಗೆ ಸೇರಿಸಿದರು. ಥೈಮಸ್ ಗ್ರಂಥಿಯಲ್ಲಿ ಹುಟ್ಟಿದ ಹಸಿರು ಚುಕ್ಕೆ ಹಬ್ಬುತ್ತ ಹಬ್ಬುತ್ತ ದೇಹವನ್ನೆಲ್ಲ ಆವರಿಸುವುದನ್ನು ಜೀವಂತ ಮೀನಿನಲ್ಲಿ ದಿನದಿನವೂ ನೋಡಿದರು. ಮಕ್ಕಳನ್ನೂ ಬಾಧಿಸುವ ಲುಕೀಮಿಯಾದ ಒಂದು ಬಗೆ ಹೇಗೆ ಹರಡುತ್ತದೆ ಎಂಬುದು ಹೀಗೆ ಕಣ್ಣಿಗೆ ಕಂಡಿತು.

ಆದರೆ ನಮಗೆಲ್ಲ ಹೆಚ್ಚು ಪಾಠ ಹೇಳಿದ್ದು ಎರಡು ವರ್ಷದ ನಂತರದ ಇನ್ನೊಂದು ಪ್ರಯೋಗ. ಮೆಲನೋಮಾ ಎಂಬುದು ಚರ್ಮದ ವರ್ಣಕೋಶಗಳ ಉಗ್ರವಾದ ಕ್ಯಾನ್ಸರ್. ಬಿಳಿಯರಲ್ಲಿ ಹೆಚ್ಚು, ನಮ್ಮಲ್ಲಿ ವಿರಳ. ಬಹುತೇಕ ಮೆಲನೋಮಾಗಳಲ್ಲಿ ‘ಬಿ-ರಾಫ್’ ಎಂಬ ವಂಶವಾಹಿ ಕೆಟ್ಟಿರುತ್ತದೆ ಎಂದು 2002ರಲ್ಲಿ ಗೊತ್ತಾಗಿತ್ತು. ಹಾಗಾದರೆ ಇದೇ ಅಪರಾಧಿಯೇ? ಕೆಟ್ಟ ಬಿ-ರಾಫ್ ಸಾಧಾರಣ ಮಚ್ಚೆಗಳಲ್ಲೂ ಇರುತ್ತದಲ್ಲ! ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಲಿಯೋನಾರ್ಡ್ ಜಾನ್ ಮತ್ತು ಎಲಿಜಬೆತ್ ಪ್ಯಾಟನ್ ಅವರ ತಂಡ ಕೆಟ್ಟುಹೋದ ಮಾನವ ಬಿ-ರಾಫ್ ವಂಶವಾಹಿಯನ್ನು ಮೀನಿನ ವರ್ಣಕೋಶಗಳಿಗೆ ಸೇರಿಸಿತು. ಏನಾಯಿತು? ಮೀನಿನ ಮೈಮೇಲೆ ಕಪ್ಪು ಮಚ್ಚೆಗಳು ಎದ್ದವು. ಅಷ್ಟೇ. ಅವು ಕ್ಯಾನ್ಸರ್ ಆಗಲಿಲ್ಲ. ‘ಪಿ-53’ ಎಂಬ ಇನ್ನೊಂದು ವಂಶವಾಹಿಯೂ ಕೆಟ್ಟಿದ್ದ ಮೀನುಗಳಲ್ಲಿ ಮಾತ್ರ ಮೆಲನೋಮಾ ಹುಟ್ಟಿತು. 2005ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಇದನ್ನು ತೋಟದ ಪಂಪ್‌ಸೆಟ್ಟಿನ ಲೆಕ್ಕದಲ್ಲಿ ನೋಡೋಣ. ಕೆಟ್ಟ ಬಿ-ರಾಫ್ ಎಂದರೆ ಆನ್ ಆಗಿ ಸಿಕ್ಕಿಕೊಂಡ ಸ್ವಿಚ್ಚು. ನೀರು ಬರುತ್ತಲೇ ಇರುತ್ತದೆ. ಆದರೆ ತೋಟದಲ್ಲಿ ಎಚ್ಚರದ ಆಳು ಒಬ್ಬನಿದ್ದರೆ ಹೋಗಿ ಫ್ಯೂಸು ಕೀಳುತ್ತಾನೆ. ಪಿ-53 ಅಂಥ ಆಳು. ಡಿಎನ್‌ಎ ಕೆಟ್ಟ ಕೋಶವನ್ನು ಗುರುತಿಸಿ ನಿಲ್ಲಿಸುವುದು, ರಿಪೇರಿಯಾಗದಿದ್ದರೆ ಸಾಯಿಸುವುದು ಅದರ ಕೆಲಸ. ಮನುಷ್ಯರ ಕ್ಯಾನ್ಸರುಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟರಲ್ಲಿ ಈ ಪಿ-53 ಕೆಟ್ಟಿರುತ್ತದೆ.

ಕಥೆ ಇಲ್ಲಿಗೂ ಮುಗಿಯಲಿಲ್ಲ. ಸ್ವಿಚ್ಚೂ ಸಿಕ್ಕಿಕೊಂಡು, ಆಳೂ ಇಲ್ಲದ ಮೀನುಗಳಲ್ಲಿ ಮೈತುಂಬ ಇರುವ ವರ್ಣಕೋಶಗಳೆಲ್ಲವೂ ಹಾಳಾಗಿರಬೇಕಲ್ಲವೇ? ಆದರೂ ಒಂದು ಮೀನಿನಲ್ಲಿ ಏಳುತ್ತಿದ್ದದ್ದು ಒಂದೋ ಎರಡೋ ಮೂರೋ ಗಡ್ಡೆ, ಅದೂ ತಿಂಗಳುಗಳ ನಂತರ. ಉಳಿದವೇಕೆ ಸುಮ್ಮನಿದ್ದವು? ಜಾನ್ ಅವರ ತಂಡ ಇದರ ಬೆನ್ನು ಹತ್ತಿತು. ಮೀನು ಮೊಟ್ಟೆಯೊಳಗಿನ ಭ್ರೂಣವಾಗಿದ್ದಾಗ ಮಾತ್ರ ಎಚ್ಚರವಾಗಿದ್ದು ಆಮೇಲೆ ಮಲಗಿಬಿಡುವ ‘ಕ್ರೆಸ್ಟಿನ್’ ಎಂಬ ವಂಶವಾಹಿಯ ಸ್ವಿಚ್ಚಿಗೆ ಹಸಿರು ದೀಪ ಕಟ್ಟಿದರು. ದೊಡ್ಡ ಮೀನಿನಲ್ಲಿ ಆ ದೀಪ ಆರಿರಬೇಕು. ಆದರೆ ಒಂದು ದಿನ ಒಂದೇ ಒಂದು ಕೋಶದಲ್ಲಿ ಹಸಿರು ಬೆಳಗಿತು. ಬೆಳೆದು ನಿಂತ ಕೋಶವೊಂದು ತನ್ನ ಭ್ರೂಣಾವಸ್ಥೆಯ ಚಾಳಿಗೆ ಮರಳಿತ್ತು. ಅಂಥ ಹಸಿರು ಕಲೆಗಳೇ ಮುಂದೆ ಗಡ್ಡೆಗಳಾದವು. 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದು ಪ್ರಕಟವಾದಾಗ, ಜೀವಂತ ಪ್ರಾಣಿಯಲ್ಲಿ ಮೆಲನೋಮಾ ಹುಟ್ಟುವ ಗಳಿಗೆಯನ್ನೇ ಮನುಷ್ಯ ಕಂಡಂತಾಯಿತು. ಬೆಳೆದ ಮೇಲೂ ಪಾರದರ್ಶಕವಾಗಿಯೇ ಉಳಿಯುವ ಮೀನಿನ ತಳಿಯನ್ನು ಇಂಥ ಕೆಲಸಗಳಿಗೆಂದೇ 2008ರಲ್ಲಿ ರೂಪಿಸಿದ್ದರು. ಅಮೆರಿಕದ ಮಕ್ಕಳ ಕಾಮಿಕ್ಸಿನ ಒಳ್ಳೆಯ ಭೂತದ ನೆನಪಿಗೆ ಅದರ ಹೆಸರು ‘ಕ್ಯಾಸ್ಪರ್’.

ಹೆತ್ತವರು ಗಮನಿಸಬೇಕಾದದ್ದು ಇಲ್ಲಿದೆ. ನಮ್ಮ ಕಡೆ ಯಾರಾದರೂ ‘ಮಣಿಪಾಲಕ್ಕೆ ಹೋಗಿ ತೋರಿಸಿದ್ದಾರಂತೆ’ ಎಂದರೆ ಕೇಳುವವರು ದನಿ ತಗ್ಗಿಸುತ್ತಾರೆ. ಕ್ಯಾನ್ಸರ್ ಎಂಬ ಪದವನ್ನು ಬಾಯಲ್ಲಿ ಹೇಳುವುದಿಲ್ಲ. ಹಣೆಬರಹ ಎನ್ನುತ್ತಾರೆ, ವಂಶದ ದೋಷ ಎನ್ನುತ್ತಾರೆ. ಮದುವೆಗಿರುವ ಮಗಳಿದ್ದರಂತೂ ವಿಷಯ ಹೊರಗೆ ಬರುವುದೇ ಇಲ್ಲ. ಮೀನು ತೋರಿಸಿದ್ದು ಬೇರೆಯದನ್ನು. ಕ್ಯಾನ್ಸರ್ ಸಿಡಿಲಿನಂತೆ ಎರಗುವುದಿಲ್ಲ. ಅದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಒಂದು ವಂಶವಾಹಿ ಕೆಟ್ಟರೆ ಸಾಲದು, ಎರಡು ಕೆಟ್ಟರೂ ಹಲವು ಕೋಶಗಳು ತೆಪ್ಪಗಿರುತ್ತವೆ. ಪ್ರತಿ ಮೆಟ್ಟಿಲಿನ ನಡುವೆ ಕಾಲಾವಕಾಶವಿದೆ. ಕೆಲವು ಕುಟುಂಬಗಳಲ್ಲಿ ಹುಟ್ಟುವಾಗಲೇ ಒಂದು ಮೆಟ್ಟಿಲು ಏರಿರುವವರು ಇರುತ್ತಾರೆ, ಅದು ನಿಜ. ಆದರೆ ಬಹುಪಾಲು ಕ್ಯಾನ್ಸರುಗಳಲ್ಲಿ ಈ ಕೆಡುಕು ಬದುಕಿನ ದಾರಿಯಲ್ಲಿ ಸೇರಿಕೊಂಡದ್ದು.

ನಮ್ಮ ದೇಶಕ್ಕೆ ಹತ್ತಿರದ ಉದಾಹರಣೆ ಬಾಯಿಯ ಕ್ಯಾನ್ಸರ್. ಕೆನ್ನೆಯ ಒಳಭಾಗ ಮತ್ತು ವಸಡಿನ ಕ್ಯಾನ್ಸರಿನ ವಂಶವಾಹಿಗಳನ್ನು ಭಾರತೀಯ ವಿಜ್ಞಾನಿಗಳ ತಂಡ ಓದಿ 2013ರಲ್ಲಿ ವರದಿ ಕೊಟ್ಟಿತು. ಕೆಟ್ಟವುಗಳ ಪಟ್ಟಿಯಲ್ಲಿ ಅದೇ ಪಿ-53 ಇತ್ತು. ಈ ಆಳನ್ನು ಕೆಡಿಸುವವರು ಯಾರು? ತಂಬಾಕು ಮೊದಲನೆಯದು. ಇನ್ನೊಂದನ್ನು ಅಡಿಕೆ ತೋಟಗಳ ನಡುವೆ ಕುಳಿತು ಹೇಳುವುದು ಕಷ್ಟ, ಆದರೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ, ತಂಬಾಕು ಸೇರಿಸದ ಅಡಿಕೆಯನ್ನು ಜಗಿಯುವುದೂ ಕ್ಯಾನ್ಸರಿಗೆ ಕಾರಣ ಎಂದು ಪ್ರಕಟಿಸಿತು. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಅಡಿಕೆ ಬೆಳೆದು ಮಕ್ಕಳನ್ನು ಓದಿಸಿದ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಆ ಮಕ್ಕಳೇ ಕಾಲೇಜಿನ ಗೇಟಿನ ಹೊರಗೆ ಅದನ್ನು ಪೊಟ್ಟಣದಲ್ಲಿ ಕೊಂಡು ಜಗಿಯುವಂತಾದರೆ ಅದು ಎಂಥ ವ್ಯಾಪಾರ!

ಬಾಯಿಯ ಕ್ಯಾನ್ಸರಿನ ಮೆಟ್ಟಿಲುಗಳು ಕನ್ನಡಿಯಲ್ಲೇ ಕಾಣುತ್ತವೆ. ಬಾಯೊಳಗೆ ಬಿಳಿ ಅಥವಾ ಕೆಂಪು ಕಲೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ಮೊದಲಿನಷ್ಟು ಅಗಲಕ್ಕೆ ತೆರೆಯಲಾಗದ ಬಾಯಿ. ಇವೆಲ್ಲ ಕ್ಯಾನ್ಸರೇ ಆಗಬೇಕೆಂದಿಲ್ಲ. ಆದರೆ ವೈದ್ಯರಿಗೋ ದಂತವೈದ್ಯರಿಗೋ ತೋರಿಸಲು ಇಷ್ಟು ಕಾರಣ ಸಾಕು. ಆ ಹಂತದಲ್ಲಿ ತೋರಿಸಿದರೆ ದನಿ ತಗ್ಗಿಸುವ ಪ್ರಮೇಯ ಬರುವುದು ಕಡಿಮೆ.

ಇನ್ನು ಔಷಧಿಯ ವಿಷಯ. ಒಂದು ತಟ್ಟೆಯ ಪುಟ್ಟ ಗುಳಿಗಳಲ್ಲಿ ಮರಿಗಳನ್ನು ಬಿಟ್ಟು, ಗುಳಿಗೊಂದರಂತೆ ರಾಸಾಯನಿಕ ಹಾಕಿ ನೋಡುವುದು ಈ ಮೀನಿನಲ್ಲಿ ಸುಲಭ. ಜಾನ್ ಅವರ ತಂಡ ಸುಮಾರು 2,000 ರಾಸಾಯನಿಕಗಳನ್ನು ಹೀಗೆ ಜಾಲಿಸಿ, ಸಂಧಿವಾತಕ್ಕೆ ಕೊಡುವ ಲೆಫ್ಲುನೊಮೈಡ್ ಎಂಬ ಔಷಧಿ ಮೆಲನೋಮಾ ಕೋಶಗಳ ಬೆಳವಣಿಗೆಯನ್ನು ತಗ್ಗಿಸುತ್ತದೆಂದು 2011ರಲ್ಲಿ ತೋರಿಸಿತು. ಅದು ಮನುಷ್ಯರ ಮೇಲಿನ ಪರೀಕ್ಷೆಗೂ ಹೋಯಿತು. ಆದರೆ ಮೆಲನೋಮಾಕ್ಕೆ ಒಪ್ಪಿತ ಚಿಕಿತ್ಸೆಯಾಗಲಿಲ್ಲ. ಮೀನಿನಲ್ಲಿ ಗೆದ್ದದ್ದೆಲ್ಲ ಮನುಷ್ಯನಲ್ಲಿ ಗೆಲ್ಲುವುದಿಲ್ಲ. ‘ಕ್ಯಾನ್ಸರಿಗೆ ಮದ್ದು ಸಿಕ್ಕಿತು’ ಎಂಬ ತಲೆಬರಹ ಕಂಡಾಗಲೆಲ್ಲ ‘ಯಾರಲ್ಲಿ?’ ಎಂದು ಕೇಳುವ ಅಭ್ಯಾಸ ಒಳ್ಳೆಯದು.

ಪೋರ್ಚುಗಲ್ಲಿನ ಲಿಸ್ಬನ್ ನಗರದ ಶಾಂಪಲಿಮೋ ಸಂಸ್ಥೆಯವರು ಇನ್ನೊಂದು ದಾರಿ ಹಿಡಿದಿದ್ದಾರೆ. ಇಲ್ಲಿ ಮೀನು ಕುಲಾಂತರಿಯಾಗಬೇಕಿಲ್ಲ. ರೋಗಿಯ ಗಡ್ಡೆಯಿಂದ ತೆಗೆದ ಕೋಶಗಳನ್ನೇ ಎರಡು ದಿನದ ಮರಿಗಳಿಗೆ ಸೇರಿಸುತ್ತಾರೆ. ಆ ವಯಸ್ಸಿನಲ್ಲಿ ಮೀನಿನ ರೋಗನಿರೋಧಕ ವ್ಯವಸ್ಥೆ ಪೂರ್ತಿ ಬಲಿತಿರುವುದಿಲ್ಲವಾದ್ದರಿಂದ ಪರಕೀಯ ಕೋಶವನ್ನು ಅದು ತಳ್ಳಿಹಾಕುವುದಿಲ್ಲ. ಬೇರೆ ಬೇರೆ ಮರಿಗಳಿಗೆ ಬೇರೆ ಬೇರೆ ಔಷಧಿ ಕೊಟ್ಟು, ಯಾವುದಕ್ಕೆ ಗಡ್ಡೆ ಕರಗಿತೆಂದು ಕೆಲವೇ ದಿನಗಳಲ್ಲಿ ನೋಡುತ್ತಾರೆ. ಈ ಮರಿಗಳಿಗೆ ಅವರು ಇಟ್ಟ ಹೆಸರು ‘ಅವತಾರ್’! ಮತ್ಸ್ಯಾವತಾರ ನಮಗೆ ಹೊಸದಲ್ಲವಲ್ಲ. 2017ರಲ್ಲಿ ಐವರು ರೋಗಿಗಳಿಂದ ಆರಂಭವಾದ ಈ ಪರೀಕ್ಷೆ, ದೊಡ್ಡ ಕರುಳಿನ ಕ್ಯಾನ್ಸರಿನ 55 ರೋಗಿಗಳಲ್ಲಿ 50 ಮಂದಿಯ ವಿಷಯದಲ್ಲಿ ಚಿಕಿತ್ಸೆಯ ಫಲವನ್ನು ಸರಿಯಾಗಿ ಸೂಚಿಸಿತೆಂದು 2024ರ ವರದಿ ಹೇಳುತ್ತದೆ. ಇನ್ನೂ ದೊಡ್ಡ ಪರೀಕ್ಷೆಗಳು ಆಗಬೇಕು. ಎಲ್ಲ ಆಸ್ಪತ್ರೆಗಳಲ್ಲಿ ಸಿಗುವ ಸೌಲಭ್ಯ ಇದಲ್ಲ.

ಮಿತಿಗಳನ್ನೂ ಹೇಳದಿದ್ದರೆ ಲೆಕ್ಕ ತಪ್ಪುತ್ತದೆ. ಮೀನಿಗೆ ಸ್ತನವಿಲ್ಲ, ಶ್ವಾಸಕೋಶವಿಲ್ಲ, ಗರ್ಭಕೋಶವಿಲ್ಲ. ಅದರ ಮೈ 28 ಡಿಗ್ರಿಯದು, ನಮ್ಮದು 37. ಆದ್ದರಿಂದ ಮೀನಿನ ಉತ್ತರ ಇಲಿಯಲ್ಲಿ, ಆಮೇಲೆ ಮನುಷ್ಯರಲ್ಲಿ ಪರೀಕ್ಷೆಗೆ ನಿಲ್ಲಬೇಕು. ಇನ್ನು ಹಿಂಸೆಯ ಪ್ರಶ್ನೆ. ಮಕ್ಕಳು ಇದನ್ನು ಕೇಳಿದರೆ ಗದರಬೇಡಿ, ಅದು ನ್ಯಾಯವಾದ ಪ್ರಶ್ನೆ. ನಮ್ಮ ದೇಶದಲ್ಲಿ ಪ್ರಾಣಿಪ್ರಯೋಗಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. ನೋವಾಗುವ ಕೆಲಸಕ್ಕೆ ಮೀನಿಗೂ ಅರಿವಳಿಕೆ ಕೊಡುತ್ತಾರೆ. ಬೇಕಾದಷ್ಟನ್ನೇ ಬಳಸಬೇಕು, ಬೇರೆ ದಾರಿಯಿದ್ದರೆ ಬಳಸಲೇಬಾರದು ಎಂಬುದು ನಿಯಮ.

ಇನ್ನೊಂದು ಎಚ್ಚರಿಕೆ ಮನೆಯಲ್ಲಿ ಮೀನು ಸಾಕುವವರಿಗೆ. ಮೈಯೆಲ್ಲ ಹೊಳೆಯುವ ಕುಲಾಂತರಿ ಜೀಬ್ರಾ ಮೀನುಗಳನ್ನು ಸಿಂಗಪುರದ ವಿಜ್ಞಾನಿಗಳು ಮೊದಲು ತಯಾರಿಸಿದರು. ಅಮೆರಿಕದಲ್ಲಿ ಅವು ಶೋಕಿಯ ಸರಕಾದವು. ಬ್ರೆಜಿಲಿನಲ್ಲಿ ಸಾಕಣೆ ಕೇಂದ್ರಗಳಿಂದ ತಪ್ಪಿಸಿಕೊಂಡು ಕಾಡಿನ ತೊರೆಗಳಲ್ಲಿ ಮರಿ ಮಾಡುತ್ತಿರುವುದು 2022ರಲ್ಲಿ ವರದಿಯಾಯಿತು. ನಮ್ಮದು ಆ ಮೀನಿನ ತವರುಮನೆ. ಇಲ್ಲಿನ ತೋಡಿಗೆ ಅಂಥದ್ದು ಬಿದ್ದರೆ ಸಹಜ ಮೀನಿನೊಂದಿಗೆ ಬೆರೆಯುವ ಅಪಾಯ ಹೆಚ್ಚು. ತೊಟ್ಟಿಯ ಮೀನು ಬೇಡವಾಯಿತೆಂದು ಹೊಳೆಗೆ ಬಿಡಬೇಡಿ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ. ಈ ಮೀನಿನ ಕಾಡು ತಳಿಯೊಂದರ ವಂಶವಾಹಿ ಪಾಠವನ್ನು 2009ರಲ್ಲೇ ಓದಿದವರು ದಿಲ್ಲಿಯ ಸಿಎಸ್‌ಐಆರ್ ಸಂಸ್ಥೆಯಾದ ಐಜಿಐಬಿಯ ನಮ್ಮವರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಮಹೇಂದ್ರ ಸೋನಾವಣೆ ಅವರ ತಂಡ ಇದರ ಚರ್ಮದ ಕೋಶಗಳನ್ನು ಅಭ್ಯಾಸ ಮಾಡಿದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ವತ್ಸಲಾ ತಿರುಮಲೈ ಅವರ ತಂಡ ಮರಿಮೀನಿನ ಮೆದುಳು ಈಜನ್ನು ಹೇಗೆ ನಡೆಸುತ್ತದೆಂದು ನೋಡಿದೆ. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಿಂದ ಮೀನಿನ ಶಾಸ್ತ್ರ ಕಲಿಸುತ್ತಿದೆ. ಪಿಯುಸಿ ಮುಗಿಸಿದ ಜಾಣ ಹುಡುಗಿಗೆ ಡಾಕ್ಟರ್ ಸೀಟು ಸಿಗದಿದ್ದರೆ ಮನೆಯಲ್ಲಿ ಸೂತಕದ ಕಳೆ ಕವಿಯುವುದುಂಟು. ರೋಗಿಯ ನಾಡಿ ಹಿಡಿಯುವವರು ಬೇಕು, ನಿಜ. ರೋಗ ಯಾವ ಮೆಟ್ಟಿಲಲ್ಲಿ ಹುಟ್ಟಿತೆಂದು ಹುಡುಕುವವರೂ ಬೇಕು. ಮೇಲಿನ ಕಥೆಯಲ್ಲಿ ಮೆಲನೋಮಾದ ಮೊದಲ ಹಸಿರು ಕೋಶವನ್ನು ಕಂಡದ್ದು ತಿಂಗಳುಗಟ್ಟಲೆ ಮೀನಿನ ತೊಟ್ಟಿಗಳ ಮುಂದೆ ತಾಳ್ಮೆಯಿಂದ ಕುಳಿತವರು. ಜೀವವಿಜ್ಞಾನದ ಪದವಿಯಿಂದಲೂ ಆ ಕುರ್ಚಿಗೆ ದಾರಿಯಿದೆ.

ಈ ಮಳೆಗಾಲದಲ್ಲಿ ಮಕ್ಕಳು ತೋಡಿನ ಮೀನನ್ನು ಬಾಟಲಿಯಲ್ಲಿ ಹಿಡಿದು ತಂದರೆ ತಕ್ಷಣ ಬೈಯಬೇಡಿ. ಬೆಳಕಿಗೆ ಹಿಡಿದು ಪಟ್ಟೆ ಎಷ್ಟು, ರೆಕ್ಕೆ ಎಷ್ಟು ಎಂದು ಎಣಿಸಲು ಹೇಳಿ. ಎಣಿಸಿ ಮುಗಿದ ಮೇಲೆ ಹಿಡಿದ ಜಾಗದಲ್ಲೇ ಬಿಟ್ಟು ಬರಲಿ.